ಆರೋಗ್ಯವೆಂದರೆ ಏನು? ಮಂಗನ ಕಾಯಿಲೆ ಕೇಳುವ ಪ್ರಶ್ನೆ



ಕೊಳೆರೋಗವಿಲ್ಲದ ತೋಟವೆಲ್ಲ ಒಳ್ಳೆಯ ತೋಟವೆಂದು ಬೆಳೆಗಾರರಾದ ನಾವು ಒಪ್ಪುವುದಿಲ್ಲ. ಬೋರ್ಡೋ ದ್ರಾವಣ ಹೊಡೆದು ಕಾಯಿ ಉಳಿಸಿಕೊಂಡಿದ್ದರೂ, ಬಸಿಗಾಲುವೆ ಹೂತು ಬೇರಿನಲ್ಲಿ ನೀರು ನಿಂತಿದ್ದರೆ ಆ ಮರ ಹೆಚ್ಚು ಕಾಲ ಬಾಳದು. ಈ ವಿವೇಕವನ್ನು ಮನುಷ್ಯರ ಆರೋಗ್ಯಕ್ಕೂ ಅನ್ವಯಿಸಿ ನೋಡುವುದು ಒಳ್ಳೆಯದು.

ಆರೋಗ್ಯಕ್ಕೆ ಹಲವು ವ್ಯಾಖ್ಯೆಗಳಿವೆ. ರೋಗವಿಲ್ಲದಿರುವುದೇ ಆರೋಗ್ಯವೆಂಬುದು ಎಲ್ಲರಿಗೂ ಪರಿಚಿತವಾದದ್ದು. ಸುಶ್ರುತ ಸಂಹಿತೆ ದೋಷ, ಅಗ್ನಿ, ಧಾತುಗಳ ಸಮತೋಲದ ಜೊತೆಗೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಬಯಸುತ್ತದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ದೈಹಿಕ, ಮಾನಸಿಕ, ಸಾಮಾಜಿಕವಾಗಿ ಸಂಪೂರ್ಣ ಕ್ಷೇಮದಿಂದಿರುವುದೇ ಆರೋಗ್ಯವೆಂದಿತು. ಮಾತು ದೊಡ್ಡದು; ಆದರೆ ಆ 'ಸಂಪೂರ್ಣ' ಎಂಬ ಅಳತೆಗೆ ನಿಲ್ಲುವವರು ಯಾರು? 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಅವರು ರೋಗವನ್ನು ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ನೋಡಬೇಕೆಂದು ವಾದಿಸಿದರು. 1986ರ ಒಟ್ಟಾವಾ ಸನ್ನದು, ಆರೋಗ್ಯವು ಬದುಕಿನ ಗುರಿಯಲ್ಲ, ದಿನನಿತ್ಯದ ಬಾಳುವೆಗೆ ಬೇಕಾದ ಬಂಡವಾಳ ಎಂಬರ್ಥದ ಮಾತು ಹೇಳಿತು. ಆಹಾರ, ವಸತಿ, ಆದಾಯ, ಪರಿಸರಗಳನ್ನು ಅದರ ಅಡಿಗಲ್ಲೆಂದು ಎಣಿಸಿತು.

ಇವುಗಳಲ್ಲಿ ಯಾವುದು ಸರಿ? ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳೋಣ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರಿಗೂ ಜ್ವರ ಬಂತು. ಮೊದಲನೆಯ ವ್ಯಾಖ್ಯೆ ಇಲ್ಲಿ ದೊಡ್ಡ ಉಪಕಾರ ಮಾಡಿತು. ರೋಗಕ್ಕೆ ವೈರಸ್ ಕಾರಣ, ಉಣುಗು ಅದರ ವಾಹಕ ಎಂದು ಪತ್ತೆಯಾದದ್ದು ಆ ದೃಷ್ಟಿಯಿಂದಲೇ. ಆದರೂ ರೋಗ ಹೋಗಲಿಲ್ಲ. 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮತ್ತೆ ಪ್ರಾಣಹಾನಿಯಾಯಿತು. ಇದಕ್ಕೆಂದೇ ನಿರ್ದಿಷ್ಟ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದರ ಬಳಕೆಯೂ ನಿಂತಿದೆ.

ವೈರಸ್ ಯಾವುದೆಂದು ತಿಳಿದರೂ ಉಣುಗು ಯಾರನ್ನು ಕಚ್ಚುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಸೊಪ್ಪಿನ ಬೆಟ್ಟಕ್ಕೆ ದರಗು ತರಲು ಹೋಗುವವರನ್ನು, ಸೌದೆಗೆ ಹೋಗುವ ಹೆಂಗಸರನ್ನು, ದನ ಕಾಯುವವರನ್ನು. ಮರಿ ಉಣುಗುಗಳ ಕಾಟ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೊಯ್ಲು ಜೋರಾಗಿರುವುದೂ ಬಹುಮಟ್ಟಿಗೆ ಇದೇ ಕಾಲದಲ್ಲಿ. ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಗುವವನು ಜ್ವರವನ್ನು ಮುಚ್ಚಿಟ್ಟರೆ ಆಶ್ಚರ್ಯವಿಲ್ಲ. ಗುಣವಾದ ಮೇಲೂ ನಿತ್ರಾಣ ವಾರಗಟ್ಟಲೆ ಇರುತ್ತದೆ. ರಕ್ತಪರೀಕ್ಷೆಯಲ್ಲಿ ರೋಗವಿಲ್ಲ, ಆದರೆ ಏಣಿ ಹತ್ತಲು ಕಾಲಿಗೆ ಬಲವಿಲ್ಲ. ಅವನನ್ನು ಆರೋಗ್ಯವಂತನೆನ್ನೋಣವೇ?

ಆದ್ದರಿಂದ ಈ ವ್ಯಾಖ್ಯೆಗಳು ಒಂದಕ್ಕೊಂದು ಶತ್ರುಗಳಲ್ಲವೆಂದು ನಮ್ಮ ಅಭಿಪ್ರಾಯ. ರೋಗ ಯಾವುದೆಂದು ಮೊದಲನೆಯದು ಹೇಳುತ್ತದೆ. ಅದು ಯಾರಿಗೆ, ಏಕೆ ಬರುತ್ತದೆಂದು ಉಳಿದವು ಹೇಳುತ್ತವೆ. ಸಣ್ಣ ಹಿಡುವಳಿದಾರನಿಗೆ ಒಟ್ಟಾವಾ ಸನ್ನದಿನ ಮಾತು ಹೆಚ್ಚು ಹತ್ತಿರ. ಅವನ ಬಂಡವಾಳದಲ್ಲಿ ಮೊದಲನೆಯದು ಅವನ ಮೈ, ಎರಡನೆಯದು ಅವನ ತೋಟದಲ್ಲಿ ದುಡಿಯುವವರ ಮೈ.

ಇದನ್ನು ಒಪ್ಪಿದರೆ ಮಾಡಬೇಕಾದ ಕೆಲಸಗಳು ತಾವಾಗಿ ಹೊಳೆಯುತ್ತವೆ. ದರಗು, ಸೌದೆಗಳನ್ನು ಡಿಸೆಂಬರಿಗೆ ಮುಂಚೆಯೇ ಕೂಡಿಟ್ಟುಕೊಳ್ಳಿರಿ. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿರಿ. ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನೂ ಬಿಸಿನೀರಿನಲ್ಲಿ ತೊಳೆಯಿರಿ. ಸತ್ತ ಮಂಗವನ್ನು ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಜ್ವರ ಬಂದ ಕೆಲಸಗಾರರನ್ನು ಅಂದೇ ಅಲ್ಲಿಗೆ ಕಳುಹಿಸಿ, ಆ ದಿನಗಳ ಕೂಲಿಯನ್ನು ಹಿಡಿಯಬೇಡಿರಿ. ಔಷಧಿಯಿಲ್ಲದ ರೋಗಕ್ಕೆ ಈ ಕೂಲಿಯೂ ಒಂದು ಚಿಕಿತ್ಸೆಯೇ.