ಸರೋವರದ ದಂಡೆಯ ದ್ರಾಕ್ಷಿ, ಸೀಸೆಯ ಮೇಲಿನ ಹೆಸರು

ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಕಟ್ಟಡಗಳ ಮಹಾನಗರವೇ ಕಣ್ಣೆದುರು ನಿಲ್ಲುತ್ತದೆ. ಆದರೆ ಅದೇ ಹೆಸರಿನ ರಾಜ್ಯದ ಪಶ್ಚಿಮ ಭಾಗದಲ್ಲಿ, ನಗರದಿಂದ ನಾಲ್ಕೈದು ತಾಸಿನ ಹಾದಿಯಾಚೆ, ಕೈಬೆರಳುಗಳನ್ನು ಹರಡಿ ನೆಲಕ್ಕೆ ಊರಿದಂತೆ ಹನ್ನೊಂದು ನೀಳವಾದ ಸರೋವರಗಳಿವೆ. ಆ ಆಕಾರದಿಂದಲೇ ಅವುಗಳಿಗೆ ‘ಫಿಂಗರ್ ಲೇಕ್ಸ್’, ಅಂದರೆ ಬೆರಳು ಸರೋವರಗಳು, ಎಂಬ ಹೆಸರು ಬಂದಿದೆ. ಅವುಗಳ ದಂಡೆಯ ಇಳಿಜಾರುಗಳಲ್ಲಿ ಇಂದು ನೂರಕ್ಕೂ ಹೆಚ್ಚು ವೈನರಿಗಳಿವೆ.

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಇಬ್ಬರು ಗೆಳೆಯರು ಈ ದಂಡೆಗಳನ್ನು ಸುತ್ತಿದರು. ಒಬ್ಬರು ಜತ್ತ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರು. ಬೆಳೆಯ ಬಹುಪಾಲನ್ನು ಒಣಗಿಸಿ ಮಣೂಕ ಮಾಡಿ ಮಾರುವವರು. ಇನ್ನೊಬ್ಬರು ಅವರೊಂದಿಗೆ ಗಡಿಯೂರಿನ ಕನ್ನಡ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಕಲಿತು, ಈಗ ರಾಚೆಸ್ಟರ್ ನಗರದಲ್ಲಿ ಉದ್ಯೋಗದಲ್ಲಿರುವವರು. ಕಾರು ನಡೆಸಬೇಕಾದ ರಾಚೆಸ್ಟರಿನ ಗೆಳೆಯರು ಇಡೀ ದಿನ ದ್ರಾಕ್ಷಿಯ ಹಸಿರಸವನ್ನಷ್ಟೇ ಕುಡಿದರು. ಬೆಳೆಗಾರರು ಮದ್ಯ ಮುಟ್ಟುವವರಲ್ಲ. ಗಾಜಿನ ಬಟ್ಟಲಿನ ಪರಿಮಳ ನೋಡಿ ಕೆಳಗಿಡುತ್ತಿದ್ದರು. ಅವರ ಕಣ್ಣಿದ್ದದ್ದು ಬಳ್ಳಿಯ ಮೇಲೆ, ಬೇರಿನ ಮೇಲೆ ಮತ್ತು ಸೀಸೆಗೆ ಅಂಟಿಸಿದ ಚೀಟಿಯ ಮೇಲೆ.

ನೀರು ಕಾಯುವ ಬಳ್ಳಿ

ಚಳಿಗಾಲದಲ್ಲಿ ಹಿಮದಡಿ ಹುದುಗುವ ಈ ನಾಡಿನಲ್ಲಿ ದ್ರಾಕ್ಷಿ ಬೆಳೆಯುವುದಾದರೂ ಹೇಗೆ? ಉತ್ತರ ಸರೋವರದ ಆಳದಲ್ಲಿದೆ. ಹಿಮಯುಗದ ನೀರ್ಗಲ್ಲುಗಳು ಉತ್ತು ಹೋದ ಕಣಿವೆಗಳಲ್ಲಿ ನೀರು ನಿಂತು ಈ ಸರೋವರಗಳಾದವು. ಸೆನೆಕಾ ಸರೋವರದ ಉದ್ದ ಸುಮಾರು 61 ಕಿಲೋಮೀಟರ್, ಆಳ 188 ಮೀಟರ್. ಅಷ್ಟು ನೀರು ಬೇಸಿಗೆಯ ಕಾವನ್ನು ಹೀರಿಕೊಂಡು ಶರತ್ಕಾಲದಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ದಂಡೆಯ ಮೇಲೆ ಇಬ್ಬನಿ ಹೆಪ್ಪುಗಟ್ಟುವುದು ತಡವಾಗಿ, ಕಾಯಿ ಮಾಗಲು ಸಮಯ ದೊರೆಯುತ್ತದೆ. ವಸಂತದಲ್ಲಿ ಇದೇ ನೀರು ತಣ್ಣಗಿದ್ದು ಮೊಗ್ಗು ಒಡೆಯುವುದನ್ನು ತಡೆಹಿಡಿಯುತ್ತದೆ. ಆತುರಪಟ್ಟು ಚಿಗುರಿದ ಬಳ್ಳಿ ಕೊನೆಯ ಚಳಿಗೆ ಸುಟ್ಟುಹೋಗುವ ಅಪಾಯ ಹೀಗೆ ತಪ್ಪುತ್ತದೆ. ಭಾರವಾದ ತಂಪು ಗಾಳಿ ಇಳಿಜಾರಿನಲ್ಲಿ ಜಾರಿ ಕೆಳಗಿಳಿಯುವುದರಿಂದ ಬಳ್ಳಿಯ ಸಾಲುಗಳಲ್ಲಿ ಅದು ನಿಲ್ಲುವುದಿಲ್ಲ.

ಜತ್ತದ ಬೆಳೆಗಾರರಿಗೆ ಇದು ತಲೆಕೆಳಗಾದ ಲೋಕವೆನಿಸಿತು. ಅವರ ಪಡದಲ್ಲಿ ಏಪ್ರಿಲಿನಲ್ಲಿ ಒಂದು, ಅಕ್ಟೋಬರಿನಲ್ಲಿ ಮತ್ತೊಂದು ಎಂದು ವರ್ಷಕ್ಕೆರಡು ಛಾಟಣಿ. ಹಣ್ಣು ಕೈಗೆ ಬರುವುದು ಬೇಸಿಗೆ ಕಾಲಿಡುವಾಗ. ಅಲ್ಲಿನ ಚಿಂತೆ ನೀರು ಸಾಲದೆಂಬುದು, ಇಲ್ಲಿನ ಚಿಂತೆ ಚಳಿ ಹೆಚ್ಚೆಂಬುದು.

ಇಂಗ್ಲಿಷ್ ಬಾರದ ಪಂಡಿತ

ಮೊದಲ ನಿಲುಗಡೆ ಕ್ಯೂಕಾ ಸರೋವರದ ಪಶ್ಚಿಮ ದಂಡೆಯಲ್ಲಿರುವ ಡಾಕ್ಟರ್ ಕಾನ್‌ಸ್ಟಂಟಿನ್ ಫ್ರಾಂಕ್ ಅವರ ವೈನರಿ. ಇಂದಿನ ಯುಕ್ರೇನಿನ ಒಡೆಸಾ ಸೀಮೆಯಲ್ಲಿ 1899ರಲ್ಲಿ ಹುಟ್ಟಿದ ಫ್ರಾಂಕ್ ದ್ರಾಕ್ಷಿ ಕೃಷಿಯಲ್ಲಿ ಡಾಕ್ಟರೇಟ್ ಪಡೆದವರು. ಎರಡನೆಯ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡು 1951ರಲ್ಲಿ ಅಮೆರಿಕ ತಲುಪಿದಾಗ ಅವರಿಗೆ ಐವತ್ತು ದಾಟಿತ್ತು. ಹಲವು ಭಾಷೆ ಬಲ್ಲವರಾಗಿದ್ದರೂ ಇಂಗ್ಲಿಷ್ ಮಾತ್ರ ಬಾರದು. ಜಿನೀವಾ ಪಟ್ಟಣದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರಿಗೆ ದೊರೆತದ್ದು ಕಳೆ ತೆಗೆಯುವಂಥ ಕೂಲಿ ಕೆಲಸ.

ಯುರೋಪಿನ ಉತ್ತಮ ದ್ರಾಕ್ಷಿ ತಳಿಗಳು ಈ ಚಳಿಯಲ್ಲಿ ಬದುಕಲಾರವು ಎಂಬುದು ಅಲ್ಲಿನ ತಜ್ಞರ ನಿಲುವಾಗಿತ್ತು. ಇದಕ್ಕಿಂತ ಕಠಿಣ ಚಳಿಯಲ್ಲಿ ಅವನ್ನು ಬೆಳೆದು ಬಂದಿದ್ದ ಫ್ರಾಂಕ್ ಒಪ್ಪಲಿಲ್ಲ. ಅವರ ಮಾತಿಗೆ ಕಿವಿಗೊಟ್ಟವರು ಗೋಲ್ಡ್ ಸೀಲ್ ಕಂಪನಿಯ ಚಾರ್ಲ್ಸ್ ಫೋರ್ನಿಯರ್ ಎಂಬ ಫ್ರೆಂಚ್ ಮೂಲದ ಗೃಹಸ್ಥರು. ಇಬ್ಬರೂ ಮಾತಾಡಿಕೊಂಡದ್ದು ಫ್ರೆಂಚಿನಲ್ಲಿ! ಚಳಿ ತಾಳುವ ಬೇರುಸಸಿಗಳನ್ನು ಹುಡುಕಿ, ಅವುಗಳ ಮೇಲೆ ಯುರೋಪಿನ ತಳಿಗಳನ್ನು ಕಸಿಮಾಡಿದರು. 1957ರ ಫೆಬ್ರವರಿಯಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು ಮೂವತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗಲೂ ಆ ಬಳ್ಳಿಗಳು ಉಳಿದುಕೊಂಡವು. 1962ರಲ್ಲಿ ಫ್ರಾಂಕ್ ತಮ್ಮದೇ ವೈನರಿ ತೆರೆದರು.

ಕಸಿಯ ಗಂಟಿಗೆ ಚಳಿಗಾಲಕ್ಕೆ ಮುನ್ನ ಮಣ್ಣೇರಿಸುವ ಕ್ರಮ ಕೇಳಿದಾಗ ಬೆಳೆಗಾರರು ಮಂಡಿಯೂರಿ ಬುಡ ನೋಡಿದರು. ಬರಗಾಲ ಮತ್ತು ಸವಳು ತಾಳಲೆಂದು ಜತ್ತ, ಸೊಲ್ಲಾಪುರ, ವಿಜಯಪುರದ ರೈತರು ತಮ್ಮ ದ್ರಾಕ್ಷಿಗೆ ಬಳಸುವ ಡಾಗ್ರಿಜ್ ಬೇರೂ ಅಮೆರಿಕದ ಕಾಡುದ್ರಾಕ್ಷಿಯ ಸಂತಾನವೇ.

“ಅಲ್ಲೋ, ಬೇರು ಇವರದು, ಬಳ್ಳಿ ನಮ್ಮದು. ಭೂಮಿತಾಯಿಗೆ ಯಾವ ಭೇದ ಐತಿ ಹೇಳು?” ಎಂದರು.

“ಭೇದ ಇರೂದು ಮ್ಯಾಲೆ ಹಚ್ಚೋ ಚೀಟಿಯಾಗಪಾ. ಮುಂದ ನೋಡುವಂತಿ ನಡಿ,” ಎಂದು ಗೆಳೆಯರು ಕಾರು ಚಾಲೂ ಮಾಡಿದರು.

ತನ್ನ ಹೆಸರನ್ನೇ ಕಳೆದುಕೊಂಡ ವಾಲ್ಟರ್

ಅದೇ ದಂಡೆಯ ಗುಡ್ಡದ ಮೇಲೆ ‘ಬುಲ್ಲಿ ಹಿಲ್’ ಇದೆ. ಇಲ್ಲಿನ ಟೇಲರ್ ಮನೆತನ 1880ರಲ್ಲಿ ಆರಂಭಿಸಿದ ವೈನ್ ಕಂಪನಿ ದೇಶದ ದೊಡ್ಡ ಕಂಪನಿಗಳಲ್ಲಿ ಒಂದಾಗಿ ಬೆಳೆಯಿತು. ಸಂಸ್ಥಾಪಕರ ಮೊಮ್ಮಗ ವಾಲ್ಟರ್ ಎಸ್. ಟೇಲರ್, ವೈನಿಗೆ ನೀರು ಬೆರೆಸುವುದನ್ನೂ ಹೊರರಾಜ್ಯದ ವೈನ್ ತಂದು ಕೂಡಿಸುವುದನ್ನೂ ಬಹಿರಂಗವಾಗಿ ಟೀಕಿಸಿದ್ದರಿಂದ 1970ರಲ್ಲಿ ಮನೆತನದ ಕಂಪನಿಯಿಂದಲೇ ಹೊರಬೀಳಬೇಕಾಯಿತು. ಅಜ್ಜನ ಮೂಲ ತೋಟದಲ್ಲಿ ಅವರು ಬುಲ್ಲಿ ಹಿಲ್ ಕಟ್ಟಿದರು.

1977ರಲ್ಲಿ ಟೇಲರ್ ಕಂಪನಿಯನ್ನು ಕೋಕಾ ಕೋಲಾ ಕೊಂಡುಕೊಂಡಿತು. ಸೀಸೆಯ ಮೇಲೆ ‘ಟೇಲರ್’ ಎಂಬ ಹೆಸರನ್ನು ವಾಲ್ಟರ್ ಬಳಸುವುದು ತನ್ನ ವ್ಯಾಪಾರಮುದ್ರೆಯ ಉಲ್ಲಂಘನೆ ಎಂದು ಟೇಲರ್ ಕಂಪನಿ ದಾವೆ ಹೂಡಿತು. 1978ರಲ್ಲಿ ಮೇಲ್ಮನವಿ ನ್ಯಾಯಾಲಯ, ಅವರು ತಮ್ಮ ಸಹಿ ಹಾಕಬಹುದು, ಆದರೆ ಆ ಕಂಪನಿಗೂ ತಮಗೂ ಸಂಬಂಧವಿಲ್ಲವೆಂದು ಸ್ಪಷ್ಟವಾಗಿ ಮುದ್ರಿಸಬೇಕು. ಟೇಲರ್ ಹೆಸರನ್ನು ವ್ಯಾಪಾರದ ಗುರುತಾಗಿ ಬಳಸುವಂತಿಲ್ಲ ಎಂದಿತು. ವಾಲ್ಟರ್ ಊರವರನ್ನು ಕರೆದು, ಸಾಲಾಗಿ ಕೂರಿಸಿ, ಚೀಟಿಗಳ ಮೇಲಿನ ತಮ್ಮ ಹೆಸರಿಗೆ ಮಸಿ ಬಳಿಸಿದರು. ಹಿರಿಯರ ಚಿತ್ರಗಳಿಗೆ ಮುಖವಾಡ ತೊಡಿಸಿದರು. ಕೊನೆಗೆ ಆಡಿನ ಚಿತ್ರವೊಂದನ್ನು ಅಚ್ಚುಹಾಕಿದರು. ಆಡನ್ನು ಕಸಿದುಕೊಳ್ಳುವುದೆಂದರೆ ಇಂಗ್ಲಿಷಿನಲ್ಲಿ ತಾಳ್ಮೆ ಕೆಡಿಸುವುದು ಎಂದರ್ಥ. ಹೆಸರು ಹೋದರೂ ನನ್ನ ಆಡು ಅವರಿಗೆ ಸಿಗಲಿಲ್ಲ ಎಂಬುದು ಅವರ ವಿನೋದ.

ಕಾನೂನಿನ ದೃಷ್ಟಿಯಿಂದ ತೀರ್ಪಿಗೆ ಆಧಾರವಿತ್ತು. ದಶಕಗಳ ಕಾಲ ಗ್ರಾಹಕರ ಮನಸ್ಸಿನಲ್ಲಿ ಬೇರೂರಿದ ಹೆಸರು ಕಂಪನಿಯ ಸ್ವತ್ತಾಗಿತ್ತು. ಕಂಪನಿ ಮಾರಿದಾಗ ಹೆಸರೂ ಮಾರಾಟವಾಯಿತು. ವ್ಯವಹಾರವನ್ನು ಪರಭಾರೆ ಮಾಡುವ ಮನೆತನಗಳು ಓದಿ ನೆನಪಿಡಬೇಕಾದ ಪ್ರಕರಣವಿದು. 1983ರಲ್ಲಿ ಕೋಕಾ ಕೋಲಾ ಈ ವೈನ್ ವ್ಯವಹಾರವನ್ನೂ ಇನ್ನೊಬ್ಬರಿಗೆ ಮಾರಿ ಹೊರನಡೆಯಿತು.

ಒಂದು ಶಾಸನ, ನೂರಾರು ಬಾಗಿಲು

ಮಧ್ಯಾಹ್ನದ ಹಾದಿ ಪೆನ್ ಯಾನ್ ಊರಿನ ಮೂಲಕ ಸೆನೆಕಾ ದಂಡೆಗೆ. ದಾರಿಯಲ್ಲಿ ಕುದುರೆಗಾಡಿಗಳು ಎದುರಾದವು. ಅವು ಮೆನೊನೈಟ್ ಪಂಥದ ರೈತರವು. ಮನೆಯೊಳಗೆ ಜರ್ಮನ್ ಮೂಲದ ತಮ್ಮ ನುಡಿಯನ್ನು ಇಂದಿಗೂ ಆಡುವ ಅವರಲ್ಲೂ ದ್ರಾಕ್ಷಿ ಬೆಳೆಯುವವರಿದ್ದಾರೆ. ಸೆನೆಕಾ, ಕಯೂಗಾ ಎಂಬ ಸರೋವರದ ಹೆಸರುಗಳು ಮೂಲನಿವಾಸಿ ಜನಾಂಗಗಳವು. 1779ರಲ್ಲಿ ಜನರಲ್ ಸಲಿವನ್ ಸೇನೆ ಅವರ ಊರುಗಳನ್ನೂ ಹಣ್ಣಿನ ತೋಪುಗಳನ್ನೂ ಸುಟ್ಟಿತು. ಹೆಸರು ನೀರಿನ ಮೇಲೆ ಉಳಿಯಿತು, ನೆಲ ಉಳಿಯಲಿಲ್ಲ.

ಸೆನೆಕಾ ದಂಡೆಯ ಗ್ಲೆನೋರಾ ವೈನರಿ ಬಾಗಿಲು ತೆರೆದದ್ದು 1977ರಲ್ಲಿ. ಆ ಇಸವಿ ಆಕಸ್ಮಿಕವಲ್ಲ. ಅದಕ್ಕೆ ಮುನ್ನ ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ ಇಪ್ಪತ್ತು ವೈನರಿಗಳೂ ಇರಲಿಲ್ಲ. ರೈತ ಬೆಳೆದ ದ್ರಾಕ್ಷಿಗೆ ಕೆಲವೇ ದೊಡ್ಡ ಕಂಪನಿಗಳು ಗಿರಾಕಿ. ಅವು ಕೊಂಡರೆ ಬೆಳೆ, ಬಿಟ್ಟರೆ ಕೊಳೆ. 1976ರಲ್ಲಿ ಗವರ್ನರ್ ಹ್ಯೂ ಕ್ಯಾರಿ ಅಂಕಿತ ಹಾಕಿದ ‘ಫಾರ್ಮ್ ವೈನರಿ’ ಶಾಸನ, ರಾಜ್ಯದಲ್ಲೇ ಬೆಳೆದ ದ್ರಾಕ್ಷಿಯಿಂದ ವರ್ಷಕ್ಕೆ 50,000 ಗ್ಯಾಲನ್, ಅಂದರೆ ಸುಮಾರು 1.9 ಲಕ್ಷ ಲೀಟರ್ ವರೆಗೆ ವೈನ್ ಮಾಡಿ, ತೋಟದ ಬಾಗಿಲಲ್ಲೇ ಜನರಿಗೆ ಮಾರುವ ಹಕ್ಕನ್ನು ಕಡಿಮೆ ಶುಲ್ಕದಲ್ಲಿ ರೈತನಿಗೆ ಕೊಟ್ಟಿತು. ಇಂದು ರಾಜ್ಯದ ವೈನರಿಗಳ ಸಂಖ್ಯೆ ನಾನೂರು ದಾಟಿದೆ. ಹವೆ, ಮಣ್ಣು, ನೀರು ಹಿಂದಿನವೇ. ಬದಲಾದದ್ದು ನೇರವಾಗಿ ಮಾರುವ ಹಕ್ಕು.

ನಮ್ಮ ಪಡದ ಹಕ್ಕು

ಇದರಲ್ಲಿ ಗಡಿನಾಡಿನ ಕುಟುಂಬಗಳಿಗೆ ಪಾಠವಿದೆ, ಮತ್ತು ಆ ಪಾಠ ವೈನಿನದ್ದಲ್ಲ. ಜತ್ತದ ಮಣೂಕ ತಾಸಗಾಂವ, ಸಾಂಗಲಿಯ ಸವಾಲಿಗೆ ಹೋಗಿ, ಅಲ್ಲಿಂದ ವ್ಯಾಪಾರಿಯ ಪೊಟ್ಟಣ ಸೇರುತ್ತದೆ. ಬೆಳೆದವರ ಹೆಸರು ಪೊಟ್ಟಣದ ಮೇಲಿರುವುದಿಲ್ಲ. ಇದನ್ನು ಬದಲಿಸಲು ಬೇಕಾದ ಕಾನೂನು ನಮ್ಮಲ್ಲಿ ಈಗಾಗಲೇ ಇದೆ.

ಸಾಂಗಲಿ ಒಣದ್ರಾಕ್ಷಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. 1999ರ ಭೌಗೋಳಿಕ ಸೂಚ್ಯಂಕ ಕಾಯಿದೆಯ ಪ್ರಕಾರ, ನೋಂದಾಯಿತ ಪ್ರದೇಶದ ಉತ್ಪಾದಕರು ‘ಅಧಿಕೃತ ಬಳಕೆದಾರ’ರಾಗಿ ತಮ್ಮ ಹೆಸರು ನೋಂದಾಯಿಸಿಕೊಳ್ಳಲು ಅರ್ಜಿ ಸಲ್ಲಿಸಬಹುದು. ಪ್ರದೇಶಕ್ಕೆ ಮಾನ್ಯತೆ ಬಂದ ಮಾತ್ರಕ್ಕೆ ಪ್ರತಿ ರೈತನಿಗೂ ಅದರ ಗುರುತು ತಾನಾಗಿ ದಕ್ಕುವುದಿಲ್ಲ. 1999ರ ವ್ಯಾಪಾರಮುದ್ರೆ ಕಾಯಿದೆಯ 35ನೇ ಕಲಮು, ಒಬ್ಬ ವ್ಯಕ್ತಿ ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವುದಕ್ಕೆ ರಕ್ಷಣೆ ನೀಡುತ್ತದೆ. ಆದರೆ ಬಳಕೆ ಪ್ರಾಮಾಣಿಕವೇ ಎಂಬುದನ್ನು ನ್ಯಾಯಾಲಯ ಪ್ರಕರಣ ನೋಡಿ ತೀರ್ಮಾನಿಸುತ್ತದೆ. ಹೆಸರನ್ನು ಮುಂಚಿತವಾಗಿಯೇ ನೋಂದಾಯಿಸುವುದು ಲೇಸು. ಆಹಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂಬ ನಿಯಮವಿದ್ದರೂ, ಅದರ ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ. ಅಂದರೆ ಮಹಾರಾಷ್ಟ್ರದಲ್ಲಿ ತಯಾರಾದ ಪೊಟ್ಟಣದ ಮೇಲೂ ಊರ ಹೆಸರನ್ನು ಕನ್ನಡದಲ್ಲಿ ಅಚ್ಚುಹಾಕಿಸಬಹುದು.

ಫ್ರಾಂಕ್ ಅವರ ವಿದ್ಯೆ ಭಾಷೆಯ ನೆಪದಲ್ಲಿ ಮೂಲೆಗೆ ಬಿದ್ದಿತ್ತು, ಬಳ್ಳಿ ಅದನ್ನು ಸಾಬೀತುಪಡಿಸಿತು. ವಾಲ್ಟರ್ ಅವರ ಹೆಸರು ಕಾಗದದ ಮೇಲೆ ಕೈತಪ್ಪಿತ್ತು, ಮಸಿ ಅದನ್ನು ಮರಳಿ ತರಲಿಲ್ಲ. ಕನ್ನಡ ಶಾಲೆಯಲ್ಲಿ ಓದುತ್ತಿರುವ ಬೆಳೆಗಾರರ ಮಕ್ಕಳು ಈ ಎರಡನ್ನೂ ಒಟ್ಟಿಗೆ ಕಲಿಯಬೇಕಾಗಿದೆ: ಬೇರಿನ ವಿದ್ಯೆ ಮತ್ತು ಕಾಗದದ ವಿದ್ಯೆ. ಮೊದಲನೆಯದನ್ನು ಕಲಿಸಲು ಮನೆಯ ಹಿರಿಯರಿದ್ದಾರೆ. ಎರಡನೆಯದನ್ನು ಅರ್ಜಿ ಬರೆಯುವ ಮೂಲಕವೇ ಕಲಿಯಬೇಕು. ಈ ಸಲದ ಅಕ್ಟೋಬರ್ ಛಾಟಣಿಗೂ ಸುಗ್ಗಿಗೂ ನಡುವೆ ಅದಕ್ಕೆ ಸಾಕಷ್ಟು ಬಿಡುವಿದೆ.