ಧರ್ಮಾಧ್ಯಕ್ಷರ ಲಾಂಛನ: ಯಾರು ಬಳಸಬಹುದು, ಎಲ್ಲಿ ಹಾಕಬಹುದು?

ಹಬ್ಬದ ಆಮಂತ್ರಣ ಪತ್ರಿಕೆ, ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆ, ಚರ್ಚ್ ಗೇಟಿನ ಫ್ಲೆಕ್ಸ್ - ಎಲ್ಲೆಲ್ಲೂ ಇಂದು ಧರ್ಮಾಧ್ಯಕ್ಷರ ಲಾಂಛನ ಕಾಣಸಿಗುತ್ತದೆ. ಕೆಲವು ವರ್ಷಗಳ ಹಿಂದೆ ಸಂಘವೊಂದರ ಸಹಾಯಾರ್ಥ ಕೂಪನಿನ ಮೇಲೂ ಅದನ್ನು ಕಂಡೆ. ಮುದ್ರಿಸಿದವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. "ಚೆಂದ ಕಾಣ್ತದೆ ಫಾದರ್" ಎಂದರು. ಆದರೆ ಕೂಪನ್ ಕೊಂಡ ಹಲವರು ಧರ್ಮಾಧ್ಯಕ್ಷರೇ ಹಣ ಸಂಗ್ರಹಿಸುತ್ತಿದ್ದಾರೆ ಎಂದು ನಂಬಿದ್ದರು!

ಲಾಂಛನ ಅಲಂಕಾರವಲ್ಲ, ಅದು ಸಹಿಯಂತೆ. ಗುರಾಣಿಯ ಮೇಲಿರುವ ಟೊಪ್ಪಿ ಮತ್ತು ಅದರಿಂದ ಇಳಿಬಿದ್ದ ಗೊಂಡೆಗಳನ್ನು ನೋಡಿಯೇ ವ್ಯಕ್ತಿಯ ಪದವಿಯನ್ನು ಹೇಳಬಹುದು. ಹಸಿರು ಟೊಪ್ಪಿ, ಎರಡೂ ಬದಿಗೆ ಆರಾರು ಗೊಂಡೆಗಳಿದ್ದರೆ ಧರ್ಮಾಧ್ಯಕ್ಷರು. ಹತ್ತು ಹತ್ತು ಇದ್ದರೆ ಮಹಾಧರ್ಮಾಧ್ಯಕ್ಷರು. ಕೆಂಪು ಟೊಪ್ಪಿ, ಹದಿನೈದು ಹದಿನೈದು ಗೊಂಡೆಗಳು ಕಾರ್ಡಿನಲರಿಗೆ. ಗುರಾಣಿಯ ಹಿಂದಿನ ಶಿಲುಬೆಗೆ ಒಂದೇ ಅಡ್ಡಪಟ್ಟಿ ಧರ್ಮಾಧ್ಯಕ್ಷರದ್ದು, ಎರಡಿದ್ದರೆ ಮಹಾಧರ್ಮಾಧ್ಯಕ್ಷರದ್ದು. ಡಿಟಿಪಿ ಮಾಡುವವರು ಜಾಗ ಸಾಲದೆಂದು ಗೊಂಡೆಗಳನ್ನು ಕತ್ತರಿಸುವುದುಂಟು. ಹಾಗೆ ಮಾಡಿದರೆ ಪದವಿಯನ್ನೇ ಕತ್ತರಿಸಿದಂತಾಗುತ್ತದೆ.

1969ರ ಮಾರ್ಚ್ 31ರಂದು ವ್ಯಾಟಿಕನ್ ಹೊರಡಿಸಿದ ಸೂಚನೆಯ ಪ್ರಕಾರ ಕಾರ್ಡಿನಲರು ಮತ್ತು ಧರ್ಮಾಧ್ಯಕ್ಷರು ಲಾಂಛನ ಹೊಂದಬಹುದು. ಅದು ಸರಳವಾಗಿಯೂ ಸ್ಪಷ್ಟವಾಗಿಯೂ ಇರಬೇಕು. ಶಿರಸ್ತ್ರಾಣ ಹಾಗೂ ಧರ್ಮದಂಡದ ಚಿತ್ರಗಳನ್ನು ಅದರಿಂದ ಕೈಬಿಡಲಾಯಿತು. ಹಾಗಿದ್ದರೂ ಅವು ಇಂದಿಗೂ ಅಲ್ಲಲ್ಲಿ ಕಾಣುತ್ತವೆ ಎನ್ನುವುದು ಬೇರೆ ಮಾತು.

ಮುಖ್ಯ ವಿಷಯವೆಂದರೆ ಈ ಲಾಂಛನ ವೈಯಕ್ತಿಕ. ಅದು ಚರ್ಚಿನದ್ದಲ್ಲ, ಶಾಲೆಯದ್ದಲ್ಲ, ಧರ್ಮಾಧ್ಯಕ್ಷರ ಕುಟುಂಬದ್ದೂ ಅಲ್ಲ. ಅವರು ವರ್ಗವಾದರೆ ಅವರೊಂದಿಗೇ ಹೋಗುತ್ತದೆ, ನಿವೃತ್ತರಾದರೆ ಅವರಲ್ಲಿಯೇ ಉಳಿಯುತ್ತದೆ. ಉತ್ತರಾಧಿಕಾರಿಗೆ ಅವರದೇ ಲಾಂಛನ ಇರುತ್ತದೆ. ಆದುದರಿಂದ ಹಿಂದಿನವರ ಲಾಂಛನವಿರುವ ಲೆಟರ್‌ಹೆಡ್, ರಶೀದಿ ಪುಸ್ತಕಗಳನ್ನು "ಖಾಲಿಯಾಗಲಿ" ಎಂದು ವರ್ಷಗಟ್ಟಲೆ ಬಳಸುವುದು ಸರಿಯಲ್ಲ. ಹಿಂದಿನವರು ಕಟ್ಟಿಸಿದ ಕಟ್ಟಡದ ಕಲ್ಲಿನಲ್ಲಿ ಕೆತ್ತಿದ್ದನ್ನು ಮಾತ್ರ ಅಳಿಸಬೇಕಾಗಿಲ್ಲ, ಅದು ಇತಿಹಾಸ.

ಪೋಪ್ ಜಗದ್ಗುರುಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿ. 2009ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ನೀಡಿದ ಪ್ರಕಟಣೆಯಂತೆ ಅವರ ಹೆಸರು, ಚಿತ್ರ, ಲಾಂಛನಗಳನ್ನು ಸಂಸ್ಥೆ ಅಥವಾ ಕಾರ್ಯಕ್ರಮಗಳಿಗೆ ಬಳಸಲು ಮುಂಚಿತವಾಗಿ ಸ್ಪಷ್ಟ ಅನುಮತಿ ಬೇಕು. ಹಾಗಾದರೆ ಬಸಿಲಿಕಗಳಲ್ಲಿ ಕಾಣುವ ಅಡ್ಡಲಾಗಿ ಜೋಡಿಸಿದ ಎರಡು ಬೀಗದ ಕೈಗಳು? ಅದು ಪೋಪ್ ಪೀಠದ ಚಿಹ್ನೆ. ಬಸಿಲಿಕದ ಧ್ವಜ, ಪರಿಕರ ಹಾಗೂ ಮುದ್ರೆಯಲ್ಲಿ ಅದನ್ನು ಬಳಸಲು 1989ರ ಆದೇಶ ಅವಕಾಶ ನೀಡಿದೆ. 2016ರಲ್ಲಿ ಕಿರಿಯ ಬಸಿಲಿಕವಾದ ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ಈ ಹಕ್ಕಿದೆ. ಪಕ್ಕದೂರಿನ ಚರ್ಚಿಗೆ, ಅದು ಎಷ್ಟೇ ಹಳೆಯದಿರಲಿ, ಇಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಜನಪ್ರತಿನಿಧಿಗಳು ಅತಿಥಿಯಾಗಿ ಬರುತ್ತಾರೆಂದು ಆಮಂತ್ರಣದಲ್ಲಿ ಅಶೋಕ ಸ್ತಂಭದ ಸಿಂಹಗಳನ್ನು ಹಾಕಬೇಡಿ. 2005ರ ರಾಷ್ಟ್ರ ಲಾಂಛನ ಕಾಯ್ದೆಯಡಿ ದುರ್ಬಳಕೆಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಧರ್ಮಾಧ್ಯಕ್ಷರು ಬಲಿಪೂಜೆ ಅರ್ಪಿಸಲು ಬರುತ್ತಿದ್ದರೆ ಆಮಂತ್ರಣದಲ್ಲಿ ಅವರ ಹೆಸರು ಸಾಕು. ಲಾಂಛನ ಬೇಕೇಬೇಕೆಂದಿದ್ದರೆ ಧರ್ಮಗುರುಗಳ ಮೂಲಕ ಧರ್ಮಾಧ್ಯಕ್ಷರ ಕಚೇರಿಗೆ ಬರೆದು ಕೇಳಿ, ಸರಿಯಾದ ಪ್ರತಿಯನ್ನು ಅಲ್ಲಿಂದಲೇ ಪಡೆಯಿರಿ. ಹಣ ಸಂಗ್ರಹದ ಕೂಪನ್, ರಶೀದಿಗಳಾದರೆ ಮುದ್ರಣಕ್ಕೆ ಕೊಡುವ ಮೊದಲೇ ಲಿಖಿತ ಒಪ್ಪಿಗೆ ಕೈಯಲ್ಲಿರಲಿ.