ಕುದುರೆ ಹೋದರೂ ಹೆಸರು ಉಳಿಸಿಕೊಂಡ ಕಾಲಾಘೋಡಾ

ಮುಂಬಯಿ: ಚರ್ಚ್‌ಗೇಟ್ ಅಥವಾ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದು ಫೋರ್ಟ್ ಪರಿಸರದ ಕಚೇರಿಗಳಿಗೆ ಧಾವಿಸುವ ನೌಕರ ವರ್ಗಕ್ಕೆ ಕಾಲಾಘೋಡಾ ಎಂದರೆ ಅವಸರದಲ್ಲಿ ದಾಟಿ ಹೋಗುವ ಒಂದು ನಾಕಾ. ಆದರೆ ವರ್ಷದಲ್ಲಿ ಒಂಬತ್ತು ದಿನ, ಜನವರಿ ಕೊನೆ ಅಥವಾ ಫೆಬ್ರವರಿ ಆರಂಭದಲ್ಲಿ, ಅಲ್ಲಿ ಊರ ಜಾತ್ರೆಯ ಕಳೆ ತುಂಬುತ್ತದೆ. ರಾಂಪಾರ್ಟ್ ರೋನಲ್ಲಿ ವಾಹನಗಳ ಬದಲು ಕಲಾಕೃತಿಗಳು, ಕರಕುಶಲ ಮಳಿಗೆಗಳು. ಸಂಗೀತ, ನೃತ್ಯ, ನಾಟಕ, ಸಾಹಿತ್ಯ, ಸಿನಿಮಾ ಎಲ್ಲವೂ ಉಚಿತ. 1999ರಲ್ಲಿ ಆರಂಭವಾದ ಈ ಕಾಲಾಘೋಡಾ ಕಲೋತ್ಸವ 2024ರಲ್ಲಿ ಬೆಳ್ಳಿಹಬ್ಬದ ಸಂಭ್ರಮ ಕಂಡಿದೆ.

ಕಾಲಾಘೋಡಾ ಎಂದರೆ ಕಪ್ಪು ಕುದುರೆ. ಬ್ರಿಟಿಷ್ ಯುವರಾಜ ಎಡ್ವರ್ಡ್ ಮುಂಬಯಿಗೆ ಬಂದುಹೋದ ನೆನಪಿಗಾಗಿ ಉದ್ಯಮಿ ಆಲ್ಬರ್ಟ್ ಸಸೂನ್ ನೀಡಿದ ಅಶ್ವಾರೋಹಿ ಪ್ರತಿಮೆ 1879ರಲ್ಲಿ ಇಲ್ಲಿ ಅನಾವರಣಗೊಂಡಿತ್ತು. 1965ರಲ್ಲಿ ಅದನ್ನು ಇಲ್ಲಿಂದ ತೆಗೆಯಲಾಯಿತು. ಈಗ ಅದು ಬೈಕುಲಾದ ರಾಣಿಬಾಗ್ ಆವರಣದಲ್ಲಿದೆ. ಕುದುರೆ ಹೋದರೂ ಜನರ ಬಾಯಲ್ಲಿ ಹೆಸರು ಮಾತ್ರ ಉಳಿಯಿತು. 2017ರಲ್ಲಿ ಹೊಸ ಕಪ್ಪು ಕುದುರೆ ಬಂದು ನಿಂತಿತು. ಇದರ ಬೆನ್ನ ಮೇಲೆ ಸವಾರನಿಲ್ಲ!

ಪರಿಸರದ ಇತಿಹಾಸವನ್ನು ಜನರಿಗೆ ಪರಿಚಯಿಸುವುದು, ಹಳೆಯ ಕಟ್ಟಡಗಳ ಸಂರಕ್ಷಣೆಗೆ ನೆರವು ಸಂಗ್ರಹಿಸುವುದು ಸಂಘಟಕರಾದ ಕಾಲಾಘೋಡಾ ಅಸೋಸಿಯೇಶನ್‌ನ ಉದ್ದೇಶ. ಉತ್ಸವದ ಪಾರಂಪರಿಕ ನಡಿಗೆಯಲ್ಲಿ ಪಾಲ್ಗೊಂಡವರಿಗೆ ದಿನನಿತ್ಯ ನೋಡಿದ ಗೋಡೆಗಳೇ ಹೊಸದಾಗಿ ಕಾಣುತ್ತವೆ. 1860ರ ದಶಕದಲ್ಲಿ ಕೆಡವಿದ ಕೋಟೆಗೋಡೆಯ ನೆನಪು ರಾಂಪಾರ್ಟ್ ರೋ ಎಂಬ ಹೆಸರಿನಲ್ಲೇ ಇದೆ. 1870ರ ಡೇವಿಡ್ ಸಸೂನ್ ಗ್ರಂಥಾಲಯದ ಹಿಂಬದಿಯ ತೋಟದಲ್ಲಿ ಸಾಹಿತ್ಯಗೋಷ್ಠಿಗಳು ನಡೆದಿವೆ. ಸನಿಹದ ವಾಟ್ಸನ್ಸ್ ಹೊಟೇಲಿನಲ್ಲಿ 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಿತ್ರಗಳು ಪ್ರದರ್ಶನಗೊಂಡವು. ಭಾರತದಲ್ಲಿ ಸಿನಿಮಾ ಕಣ್ಣುಬಿಟ್ಟದ್ದು ಅಲ್ಲೇ. ಮುಂದೆ ಎಸ್‌ಪ್ಲನೇಡ್ ಮ್ಯಾನ್ಶನ್ ಎನಿಸಿದ ಆ ಕಟ್ಟಡ ಶಿಥಿಲಗೊಂಡು, 2019ರಲ್ಲಿ ಒಳಗಿದ್ದವರನ್ನು ತೆರವುಗೊಳಿಸಬೇಕಾಯಿತು. ಉತ್ಸವದ ಅಂಗಳದಲ್ಲೇ ಇಂತಹ ಕಟ್ಟಡವೂ ಇದೆ ಎನ್ನುವುದು ಸಂರಕ್ಷಣೆಯ ಕೆಲಸ ಎಷ್ಟು ಬಾಕಿ ಇದೆ ಎಂಬುದಕ್ಕೆ ಸಾಕ್ಷಿ.

ಈ ಇತಿಹಾಸದಲ್ಲಿ ಕನ್ನಡಿಗರ ಪಾಲೂ ಇದೆ. ಉತ್ಸವದ ಕೇಂದ್ರಬಿಂದುವಿನಂತಿರುವ ಜಹಾಂಗೀರ್ ಕಲಾ ಗ್ಯಾಲರಿಯನ್ನು 1952ರಲ್ಲಿ ಕಟ್ಟಿಸಿದವರು ಸರ್ ಕಾವಸ್‌ಜಿ ಜಹಾಂಗೀರ್. ಅವರನ್ನು ಅದಕ್ಕೆ ಪ್ರೇರೇಪಿಸಿದವರು ವಿಜ್ಞಾನಿ ಹೋಮಿ ಭಾಭಾ ಹಾಗೂ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕಲಾವಿದ ಕೆ. ಕೆ. ಹೆಬ್ಬಾರ್. ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1996ರಲ್ಲಿ ನಿಧನರಾಗುವ ತನಕ ಮುಂಬಯಿಯನ್ನೇ ಕರ್ಮಭೂಮಿಯಾಗಿಸಿಕೊಂಡ ಪದ್ಮಭೂಷಣ ಹೆಬ್ಬಾರರ ಈ ಪಾತ್ರ ಗ್ಯಾಲರಿಯ ಮೆಟ್ಟಿಲೇರುವ ಎಷ್ಟು ಮಂದಿ ತುಳು-ಕನ್ನಡಿಗರಿಗೆ ಗೊತ್ತು?

ಹೆಬ್ಬಾರರ ಹೆಸರಾದರೂ ಗ್ರಂಥಗಳಲ್ಲಿದೆ. ಹಗಲು ಫೋರ್ಟ್‌ನ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಇದೇ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಕಥೆ ಯಾವ ಫಲಕದ ಮೇಲೂ ಇಲ್ಲ. ಅವರಲ್ಲಿ ಹಲವರು ಗುಮಾಸ್ತರಾದರು, ವಕೀಲರಾದರು, ಹೊಟೇಲು ಮಾಲಕರೂ ಆದರು. ಆ ತಲೆಮಾರಿನ ಹಿರಿಯರು ಈಗ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಕಲ್ಲಿನ ಕಟ್ಟಡ ಕುಸಿದರೆ ಹಣ ಕೂಡಿಸಿ ದುರಸ್ತಿ ಮಾಡಬಹುದು, ಅಳಿದ ನೆನಪನ್ನು ಮತ್ತೆ ಕಟ್ಟಲಾಗದು.

ನಮ್ಮ ಸಂಘ-ಸಂಸ್ಥೆಗಳಲ್ಲಿ ವಾರ್ಷಿಕೋತ್ಸವ, ಸನ್ಮಾನಗಳಿಗೆ ಕೊರತೆಯಿಲ್ಲ. ಅದರೊಂದಿಗೆ ವರ್ಷಕ್ಕೊಂದು ಭಾನುವಾರ ಮಕ್ಕಳನ್ನು ಕರೆದುಕೊಂಡು, ರಾತ್ರಿಶಾಲೆಯಲ್ಲಿ ಕಲಿತ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಫೋರ್ಟ್‌ನ ಗಲ್ಲಿಗಳಲ್ಲಿ ನಡೆದರೆ ಅದೂ ಒಂದು ಪಾರಂಪರಿಕ ನಡಿಗೆಯೇ. ಹಿರಿಯರು ಹೇಳಿದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಲು ಹೆಚ್ಚಿನ ಖರ್ಚೂ ಇಲ್ಲ. ಉತ್ಸವದ ಒಂಬತ್ತು ದಿನಗಳಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಡಲು ಸಂಘಗಳ ಯುವ ವಿಭಾಗಗಳು ಮುಂದಾಗಬೇಕಿದೆ.